ಅಳಿವೆಯಾಚೆ ಬೆಳಗಾಗುವ ತನಕ

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದಾಗಲೆಲ್ಲ ನಾನು ಮೊದಲು ಹುಡುಕುವುದು ಅಲ್ಲಿನ ಕಲ್ಲಿನ ಜಿರಾಫೆಯನ್ನು. 1430ರ ಬಸದಿಗೆ ಆಫ್ರಿಕದ ಜಿರಾಫೆ, ಚೀನಾದ ಡ್ರ್ಯಾಗನ್ ಹೇಗೆ ಬಂದವು? ‘ಕಡಲ ವ್ಯಾಪಾರದಿಂದ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆ ವ್ಯಾಪಾರ ದಾಟಬೇಕಿದ್ದ ಬಾಗಿಲು ಎಂಥದ್ದೆಂದು ಕೇಳುವುದಿಲ್ಲ.

ಘಟ್ಟದ ಬುಡದ ಬೆಳ್ತಂಗಡಿ ಸೀಮೆಯ ಸರಕು ಬಂಟ್ವಾಳಕ್ಕೆ ಇಳಿದು, ಅಲ್ಲಿ ದೋಣಿಯೇರಿ ನೇತ್ರಾವತಿಯಲ್ಲಿ ಮಂಗಳೂರಿಗೆ ಸಾಗುತ್ತಿತ್ತು. ಹಳೆಯ ಬಂದರು ಇದ್ದದ್ದು ನದಿಗಳು ಕಡಲು ಸೇರುವ ಅಳಿವೆಯ ಒಳಗೆ. ಅಳಿವೆಗೆ ಅಡ್ಡಲಾಗಿ ಮರಳದಿಣ್ಣೆ. ಪ್ರತಿ ಮಳೆಗಾಲದ ನೆರೆ, ತೆರೆಗಳು ಅದನ್ನು ಸರಿಸುತ್ತಿದ್ದವು. ಹೋದ ವರ್ಷ ಆಳವಿದ್ದಲ್ಲಿ ಈ ವರ್ಷ ಹಡಗಿನ ತಳ ತಾಗೀತು. ಹಾಗಾಗಿ ಹಳಬನಿಗೂ ಅದು ಹೊಸ ಬಂದರೇ.

ಹಗಲಲ್ಲಾದರೆ ನೀರಿನ ಬಣ್ಣ, ತೆರೆ ಒಡೆಯುವ ಬಿಳಿಗೆರೆ ದಾರಿ ಹೇಳುತ್ತವೆ. ಕತ್ತಲಲ್ಲಿ ಅವೆರಡೂ ಇಲ್ಲ. ಮುಂದೆ ಬಾವುಟಗುಡ್ಡೆಯ ಮೇಲೆ ದೀಪಸ್ತಂಭ ಬಂತು. ಅದು ಊರೆಲ್ಲಿದೆಯೆಂದು ತೋರಿಸೀತೇ ಹೊರತು ನೀರಡಿಯ ಮರಳನ್ನಲ್ಲ. ದೀಪ ಕಂಡಿತೆಂದು ಧೈರ್ಯದಿಂದ ನುಗ್ಗುವುದೇ ಹೆಚ್ಚು ಅಪಾಯ. ಹೊತ್ತು ಮುಳುಗಿದ ಮೇಲೆ ಬಂದವರಿಗೆ ಉಳಿದ ಜಾಣತನ ಒಂದೇ: ಹೊರಗೆ ಲಂಗರು ಹಾಕಿ ಬೆಳಕಿಗೂ ಉಬ್ಬರಕ್ಕೂ ಕಾಯುವುದು, ಅಳಿವೆ ಬಲ್ಲವನೊಬ್ಬನ ಮಾತು ಕೇಳಿ ಒಳಬರುವುದು. ದೊಡ್ಡ ಹಡಗುಗಳು ಹಗಲಲ್ಲೂ ಒಳಬರಲಾರದೆ ಹೊರಗೇ ನಿಂತು ದೋಣಿಗಳಿಗೆ ಸರಕು ಇಳಿಸುತ್ತಿದ್ದವು.

1975ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಉದ್ಘಾಟನೆಯಾಯಿತು. ಹಡಗುಗಳ ದಾರಿ ಅಳಿವೆಯಿಂದ ಅತ್ತ ಹೊರಳಿತು. ಆದರೂ ಆ ಜಿರಾಫೆಯೆದುರು ನಿಂತಾಗ ನನಗೆ ನೆನಪಾಗುವವರು ದೇಶ ಸುತ್ತಿದ ಸಾಹಸಿಗಳಲ್ಲ. ಊರ ದೀಪಗಳು ಕಾಣುತ್ತಿದ್ದರೂ ರಾತ್ರಿಯಿಡೀ ಹೊರಗೇ ಕಾದವರು.