ಎತ್ತಿನ ಕೀಲು, ಎತ್ತಿನ ಮೃದ್ವಸ್ಥಿ: ಭೀಮಾ ಸೀಮೆಯಿಂದ ಒಂದು ನೋಟ

ಅಫಜಲಪುರ ತಾಲ್ಲೂಕಿನ ಕರಜಗಿ ಎರೆಹೊಲದ ಸೀಮೆ. ಇಂಥ ಕಡೆ ಹೋರಿಗೆ ಮೂಗು ಚುಚ್ಚುವ ಅನುಭವಿ ಮೊದಲು ಹೊಳ್ಳೆಗಳಿಗೆ ಎರಡು ಬೆರಳು ಹಾಕಿ, ನಡುಗೋಡೆಯ ಗಟ್ಟಿ ಭಾಗ ಎಲ್ಲಿ ಮುಗಿಯುತ್ತದೆಂದು ಹಿಸುಕಿ ನೋಡುತ್ತಾನೆ. ಅದರ ಮುಂದಿನ ಮೆತ್ತನೆಯ ಜಾಗಕ್ಕೇ ದಬ್ಬಣ. ಗಟ್ಟಿ ಭಾಗವೇ ಮೃದ್ವಸ್ಥಿ. ಅದನ್ನು ತೂತು ಮಾಡಿದರೆ ಗಾಯ ಬೇಗ ಮಾಯುವುದಿಲ್ಲ. ಹೊರಗೆ ಕೈಗೆ ಸಿಗುವ ಮೃದ್ವಸ್ಥಿಯನ್ನು ದನಗಾಹಿಗಳೂ ಶಾಸ್ತ್ರಕಾರರೂ ಹಿಂದೆಯೇ ಬಲ್ಲವರು. ಕೀಲಿನೊಳಗಿನದು ಮಾತ್ರ ಬಹುಕಾಲ ಎಣಿಕೆಗೆ ಬರಲಿಲ್ಲ ಎಂಬುದು ನನ್ನ ವಾದ.

ಈ ನಾಡು ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದಾಗ ಆರನೆಯ ವಿಕ್ರಮಾದಿತ್ಯನ ಸೋದರ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಮದ್ದಿನೊಂದಿಗೆ ಮಂತ್ರವೂ ಬೆರೆತ ಕೃತಿಯದು. ರೋಗ ಕಳೆಯುವುದೇ ಅದರ ಗುರಿ. ಕೀಲುಗಳ ವರ್ಗೀಕರಣ ಬೇಕೆಂದರೆ ಸುಶ್ರುತಸಂಹಿತೆಯ ಶಾರೀರಸ್ಥಾನಕ್ಕೇ ಹೋಗಬೇಕು. ಅಲ್ಲಿ ಹೇಳಿರುವುದು ಮನುಷ್ಯದೇಹದ ಕೀಲುಗಳನ್ನು: ಒಟ್ಟು 210, ಬಗೆ ಎಂಟು. ಹೆಗಲು, ತೊಡೆಸಂದಿನವು ಉಲೂಖಲ; ಬೆನ್ನುಮೂಳೆಯವು ಪ್ರತರ; ತಲೆಬುರುಡೆಯ ಹೊಲಿಗೆಗಳು ತುನ್ನಸೇವನೀ; ದವಡೆಯದು ವಾಯಸತುಂಡ. ಆಕಾರ ನೋಡಿ ಮಾಡಿದ ವಿಂಗಡಣೆ ಇದು. ಚಲಿಸುವವು, ಚಲಿಸದವು ಎಂಬ ಭೇದವೂ ಇದೆ. ಮೃದ್ವಸ್ಥಿಗೆ ಸಿಕ್ಕಿದ್ದು ಮೂಳೆಯ ಐದು ಬಗೆಗಳಲ್ಲಿ ಒಂದು ಸ್ಥಾನ, ‘ತರುಣ’. ಅದರ ನೆಲೆಗಳು ಮೂಗು, ಕಿವಿ, ಕತ್ತು, ಕಣ್ಣಿನ ಗೂಡು. ಮೊಣಕಾಲು ಆ ಪಟ್ಟಿಯಲ್ಲಿಲ್ಲ. ಕೀಲು ಸಲೀಸಾಗಿ ಆಡುವುದಕ್ಕೆ ಅವರು ಕಂಡ ಕಾರಣ ಶ್ಲೇಷ್ಮ: ಕೀಲೆಣ್ಣೆ ಹಾಕಿದ ಅಚ್ಚಿನ ಮೇಲೆ ಗಾಲಿ ತಿರುಗಿದ ಹಾಗೆ. ಕೀಲುರಸದ ಕೆಲಸವನ್ನು ಸರಿಯಾಗಿಯೇ ಹಿಡಿದಿದ್ದಾರೆ. ಆದರೆ ಅಚ್ಚಿಗೆ ಹೊದಿಸಿದ ನುಣುಪು ಪದರ ಕಣ್ತಪ್ಪಿತು.

ಆ ಪದರವನ್ನು ವಿಲಿಯಂ ಹಂಟರ್ 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ; ಒಮ್ಮೆ ಹಾಳಾದರೆ ಅದು ಮರಳಿ ಬೆಳೆಯದೆಂದೂ ಬರೆದ. ಅದರಲ್ಲಿ ರಕ್ತನಾಳಗಳಿಲ್ಲ, ಆಹಾರ ಬರುವುದು ಬಹುಪಾಲು ಕೀಲುರಸದಿಂದ.

ಇಂದಿನ ವಿಂಗಡಣೆ ಎರಡು ಮೂಳೆಗಳ ನಡುವೆ ಏನಿದೆ ಎಂದು ನೋಡುತ್ತದೆ: ನಾರು, ಮೃದ್ವಸ್ಥಿ, ಇಲ್ಲವೇ ರಸ ತುಂಬಿದ ಚೀಲ. ಕುದುರೆಯಲ್ಲಿ ಕೆಳದವಡೆಯ ಎರಡು ಹೋಳು ಮರಿಯಲ್ಲೇ ಬೆಸೆದುಕೊಳ್ಳುತ್ತವೆ. ದನದಲ್ಲಿ ಅವನ್ನು ನಾರು-ಮೃದ್ವಸ್ಥಿಯೇ ಬಹುಕಾಲ ಹಿಡಿದಿರುತ್ತದೆ. ಸತ್ತ ದನದ ದವಡೆ ಹೊಲದ ಬದುವಿನಲ್ಲಿ ಎರಡಾಗಿ ಬಿದ್ದಿರುವುದು ಅದಕ್ಕೇ.

ಮೃದ್ವಸ್ಥಿ ಮಣ್ಣಿನಲ್ಲಿ ಉಳಿಯದು, ಅದರ ಗುರುತು ಉಳಿಯುತ್ತದೆ. ಸುರಪುರ ಸೀಮೆಯ ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬವನ್ನು ಕೆ. ಪದ್ದಯ್ಯ 1990ರ ದಶಕದಲ್ಲಿ ಅಗೆಸಿದಾಗ ದನದ ಮೂಳೆಗಳು ಹೇರಳವಾಗಿ ಸಿಕ್ಕವು. ಇಂಥ ಮೂಳೆಗಳ ವಯಸ್ಸು ಹೇಳುವ ಒಂದು ದಾರಿ ಬೆಳವಣಿಗೆಯ ಮೃದ್ವಸ್ಥಿಯದು. ಎಳೆಯ ಮೂಳೆಯ ತುದಿಗೂ ದಂಡಕ್ಕೂ ನಡುವೆ ಇರುವ ಅದು ಮೂಳೆಯಾದಾಗ ಎರಡೂ ಬೆಸೆಯುತ್ತವೆ: ಮುಂಗಾಲಿನ ರೇಡಿಯಸ್ ಮೂಳೆಯ ಕೆಳತುದಿ ಮೂರೂವರೆಯಿಂದ ನಾಲ್ಕು ವರ್ಷಕ್ಕೆ ದಂಡಕ್ಕೆ ಕೂಡಿಕೊಳ್ಳುತ್ತದೆ. ತುದಿ ಬಿಡಿಯಾಗಿದ್ದರೆ ದನ ಅದಕ್ಕೂ ಮೊದಲೇ ಸತ್ತಿದೆ. ಎಳೆ ಹೋರಿಗೆ ಭಾರದ ಗಳೆ ಹೂಡಬಾರದೆಂಬ ರೈತರ ಎಚ್ಚರಕ್ಕೆ ಈ ತಡವಾದ ಬೆಸುಗೆಯೇ ಆಧಾರ ಕೊಡುತ್ತದೆ.

ದುಡಿವ ಎತ್ತಿನ ಹಿಂಗಾಲು ಒಮ್ಮೊಮ್ಮೆ ಹಿಂದಕ್ಕೆ ಚಾಚಿ ಸೆಟೆದು, ಗೊರಸು ನೆಲಕ್ಕೆ ಉಜ್ಜುತ್ತದೆ. ಮಂಡಿಚಿಪ್ಪು ಮೇಲೆ ಸಿಕ್ಕಿಕೊಂಡಿರುತ್ತದೆ. ಪಶುವೈದ್ಯರು ಒಳಬದಿಯ ಅಸ್ಥಿರಜ್ಜುವನ್ನು ಕತ್ತರಿಸಿದರೆ ಸಾಮಾನ್ಯವಾಗಿ ಎತ್ತು ನಿಂತ ಕಾಲಲ್ಲೇ ನಡೆಯುತ್ತದೆ. ಸವೆದ ಮೃದ್ವಸ್ಥಿಗೆ ಅಂಥ ಸುಲಭದ ಕೊಯ್ತವಿಲ್ಲ. ಅಲ್ಲಿ ಹಂಟರನ ಮಾತೇ ಇನ್ನೂ ನಡೆಯುತ್ತಿದೆ.