ಶಿಲೆಯಿಂದ ಪರದೆಗೆ

ಭಟ್ಕಳದ ಬಸದಿಯ ಬಳಿ ಹಳೆಯ ಶಿಲಾಶಾಸನಗಳಿವೆ. ದಾನಶಾಸನದ ಕ್ರಮ ತಿಳಿದದ್ದೇ: ನೆತ್ತಿಯಲ್ಲಿ ಸೂರ್ಯಚಂದ್ರರು, ನಡುವೆ ಕೊಟ್ಟ ಭೂಮಿಯ ಎಲ್ಲೆ, ಕೊನೆಗೆ ಅಪಹರಿಸಿದವನಿಗೆ ಶಾಪ. ನಾಲ್ವರ ಕಣ್ಣಿಗೆ ಬಿದ್ದದ್ದನ್ನು ಕಬಳಿಸುವುದು ಕಷ್ಟವೆಂದು ಹಿರಿಯರು ಬಲ್ಲರು. ಆದರೆ ಅರಸನ ಬೊಕ್ಕಸದಲ್ಲಿ ಏನಿದೆಯೆಂದು ಕೇಳುವ ಅಧಿಕಾರ ಪ್ರಜೆಗೆ ಇರಲಿಲ್ಲ.

ಅದು ಬಂದುದು ನಮ್ಮ ಕಾಲದಲ್ಲಿ. ಅಹಮದಾಬಾದಿನ ಐ.ಐ.ಎಂ. ಪ್ರಾಧ್ಯಾಪಕರು ಕೆಲವರು 1999ರಲ್ಲಿ ಎ.ಡಿ.ಆರ್. ಎಂಬ ಲಾಭದಾಸೆಯಿಲ್ಲದ ಸಂಸ್ಥೆ ಕಟ್ಟಿ ನ್ಯಾಯಾಲಯದ ಮೆಟ್ಟಿಲೇರಿದರು. ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯೆ, ಕ್ರಿಮಿನಲ್ ಮೊಕದ್ದಮೆ ಮತದಾರನಿಗೆ ತಿಳಿಯಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಸಾರಿತು. ಅದನ್ನು ಮೊಟಕುಗೊಳಿಸಲು ಸಂಸತ್ತು ತಂದ ಕಲಮು 2003ರಲ್ಲಿ ರದ್ದಾಯಿತು.

ಈ ಪ್ರಮಾಣಪತ್ರಗಳ ವಿವರವನ್ನು ಸಂಸ್ಥೆಯ ‘ಮೈನೇತಾ’ ಜಾಲತಾಣ ಕ್ಷೇತ್ರವಾರಾಗಿ ಜೋಡಿಸಿಡುತ್ತದೆ. ಕುಮಟಾ, ಭಟ್ಕಳ ಕ್ಷೇತ್ರಗಳೂ ಅಲ್ಲಿವೆ. ಹೊನ್ನಾವರ ತಾಲೂಕು ಎರಡಕ್ಕೂ ಹಂಚಿಹೋಗಿರುವುದರಿಂದ, ಅಲ್ಲಿಯವರು ತಮ್ಮ ಊರು ಯಾವುದಕ್ಕೆ ಸೇರಿತೆಂದು ಮೊದಲು ನೋಡಿಕೊಳ್ಳಬೇಕು.

ಒಂದು ಎಚ್ಚರಿಕೆ. ಪತ್ರದಲ್ಲಿರುವುದು ಅಭ್ಯರ್ಥಿಯ ಸ್ವಂತ ಮಾತು. ತಾಣ ಅದನ್ನು ತೋರಿಸುತ್ತದೆ, ಸತ್ಯವೆಂದು ಮುದ್ರೆಯೊತ್ತುವುದಿಲ್ಲ. ಎರಡು ಚುನಾವಣೆಗಳ ಪತ್ರಗಳನ್ನು ಮಗ್ಗುಲಲ್ಲಿಟ್ಟು ಓದಿದವರಿಗಷ್ಟೇ ನಡುವಿನ ವರ್ಷಗಳ ಲೆಕ್ಕ ಹೊಳೆದೀತು. ಓದುವವರಿಲ್ಲದಿದ್ದರೆ ಶಾಸನವೂ ಬರಿಯ ಕಲ್ಲೇ ಅಲ್ಲವೆ?