ಬಿಡದಿಯ ಗಾಡಿ, ಜೋಜಿಲಾದ ಹಿಮ

ಇವತ್ತಿನ ಸಂಚಿಕೆ ಹಿಮದ್ದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವನಿಗೆ ಹಿಮದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಮಾಗಿ ಚಳೀಲಿ ರಾಮದೇವರ ಬೆಟ್ಟಕ್ಕೋ ಸಾವನದುರ್ಗಕ್ಕೋ ಕವಿಯೋದು ಬರೀ ಮಂಜು, ಬಿಸಿಲೇರಿದ್ರೆ ಮಾಯ. ಆದ್ರೆ ಹಿಮಕ್ಕೆ ಹೋಗೋ ಗಾಡಿ ನಮ್ಮಲ್ಲೇ ತಯಾರಾಗ್ತದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೇಲಿ ಜೋಡಣೆ ಆಗೋ ಹೈಲಕ್ಸ್ ಪಿಕಪ್ 2023ರಲ್ಲಿ ಭಾರತೀಯ ಸೇನೆಯ ಉತ್ತರ ಕಮಾಂಡ್ ಸೇರ್ತು. ಅದಕ್ಕೆ ಮುಂಚೆ 13,000 ಅಡಿ ಎತ್ತರದಲ್ಲಿ, ನೀರು ಗಡ್ಡೆ ಕಟ್ಟೋ ಚಳೀಲಿ ಅದರ ಪರೀಕ್ಷೆ ನಡೆದಿತ್ತು.

ಸೇನೆ ಮಾತು ಬಿಡಿ. 2020ರ ಅಕ್ಟೋಬರ್‌ನಲ್ಲಿ ಮನಾಲಿ ಹತ್ತಿರ ಅಟಲ್ ಸುರಂಗ ಶುರುವಾದ ಮೇಲೆ ಚಳಿಗಾಲದಲ್ಲೂ ಹಿಮ ನೋಡೋಕೆ ಹೋಗೋದು ಸಲೀಸಾಯ್ತು. ನಮ್ಮ ಕಡೆ ಹುಡುಗರೂ ಫೋರ್ ವೀಲ್ ಡ್ರೈವ್ ಗಾಡಿ ತಗೊಂಡು ಹೊರಡ್ತಾರೆ. ಫೋರ್ ಬೈ ಫೋರ್ ಇದೆ, ಇನ್ನೇನು ಭಯ ಅನ್ನೋದು ಅವರ ಧೈರ್ಯ. ಆ ಧೈರ್ಯ ಎಷ್ಟು ಸರಿ? ಇತಿಹಾಸಾನೇ ಕೇಳೋಣ.

ಮೊದಲು ಗಾಡಿ ಹಿಮದಲ್ಲಿ ಯಾಕೆ ಹೂತ್ಕೊಳ್ತದೆ ಅನ್ನೋದು ತಿಳೀಬೇಕು. ಕಣ್ವ ಜಲಾಶಯದ ಅಚ್ಚುಕಟ್ಟಿನಲ್ಲಿ ಗದ್ದೆ ಮಾಡೋರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಸರಿಗೆ ಇಳಿಯೋ ಮುಂಚೆ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಹಾಕ್ತಾರೆ. ಭಾರ ಅಗಲಕ್ಕೆ ಹಂಚಿಹೋಗ್ತದೆ, ಚಕ್ರ ಕಚ್ಚಿ ಹಿಡೀತದೆ. ಹಿಮದಲ್ಲೂ ಲೆಕ್ಕ ಅದೇ. ತೊಂದರೆ ಏನಂದ್ರೆ, ಹಿಮ ಗಾಡಿಯ ಹೊಟ್ಟೆಗಿಂತ ಎತ್ತರ ಇದ್ರೆ ಇಡೀ ಗಾಡಿ ಅದರ ಮೇಲೆ ಕೂತ್ಕೊಳ್ತದೆ, ಚಕ್ರಕ್ಕೆ ನೆಲಾನೇ ಸಿಗಲ್ಲ. ಆಗ ಎರಡು ಚಕ್ರ ತಿರುಗಿದ್ರೇನು, ನಾಲ್ಕು ತಿರುಗಿದ್ರೇನು? ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರದ ಕೆಳಗಿನ ಹಿಮ ಕರಗಿ, ಮತ್ತೆ ಗಡ್ಡೆ ಕಟ್ಟಿ, ಗಾಜಿನ ಹಾಗೆ ನುಣುಪಾಗ್ತದೆ.

ಬರೀ ಯಂತ್ರ ನಂಬಿದ್ರೆ ಏನಾಗ್ತದೆ ಅನ್ನೋದಕ್ಕೆ ಹಳೇ ಉದಾಹರಣೆ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್. ದಕ್ಷಿಣ ಧ್ರುವಕ್ಕೆ ಹೊರಟಾಗ ಮೂರು ಮೋಟಾರು ಸ್ಲೆಡ್ಜ್ ಒಯ್ದಿದ್ದ. 1911ರ ಜನವರೀಲಿ ಹಡಗಿಂದ ಇಳಿಸೋವಾಗಲೇ ಒಂದು ಮಂಜುಗಡ್ಡೆ ಒಡೆದು ಸಮುದ್ರದ ಪಾಲಾಯ್ತು. ಉಳಿದ ಎರಡರ ಎಂಜಿನ್‌ಗಳು ಆ ವರ್ಷದ ಕೊನೇಲಿ ದಾರಿ ಮಧ್ಯೆ ಕೈಕೊಟ್ಟವು. ಅದನ್ನ ರೂಪಿಸೋದಕ್ಕೆ ದುಡಿದಿದ್ದ ಎಂಜಿನಿಯರ್ ಸ್ಕೆಲ್ಟನ್‌ನ ಆ ಯಾತ್ರೆಗೆ ಕರ್ಕೊಂಡೇ ಹೋಗಿರಲಿಲ್ಲ. ಗಾಡಿ ಹೋಯ್ತು, ಗಾಡಿ ಬಲ್ಲವನು ಊರಲ್ಲೇ ಉಳಿದ.

ಈಗ ನಮ್ಮ ಕನ್ನಡ ನಾಡಿನವರ ಕಥೆಗೆ ಬರೋಣ. 1948. ದಾಳಿಕೋರರು ಕಾರ್ಗಿಲ್, ದ್ರಾಸ್ ಹಿಡಿದು ಶ್ರೀನಗರ–ಲೇಹ್ ದಾರಿ ಕಡಿದುಹಾಕಿದ್ರು. ಮಧ್ಯದಲ್ಲಿ ಜೋಜಿಲಾ ಕಣಿವೆ, ಎತ್ತರ 11,500 ಅಡಿಗೂ ಮೇಲೆ. ಸೆಪ್ಟೆಂಬರಿನಲ್ಲಿ ಕಾಲಾಳು ಪಡೆ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಚಳಿಗಾಲ ಬಂದು ದಾರಿ ಮುಚ್ಚಿದ್ರೆ ಲೇಹ್ ಕೈಬಿಟ್ಟ ಹಾಗೇ. ಅಲ್ಲಿ ಡಿವಿಜನ್ ಕಮಾಂಡರ್ ಆಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡೆಂದೇರ ತಿಮ್ಮಯ್ಯ, ಮುಂದೆ ನಮ್ಮ ಸೇನಾ ಮುಖ್ಯಸ್ಥರಾದ ಅದೇ ಜನರಲ್ ತಿಮ್ಮಯ್ಯ. ಅವರು ತಗೊಂಡ ತೀರ್ಮಾನ: ಕಣಿವೆ ಮೇಲಕ್ಕೆ ಟ್ಯಾಂಕ್ ಹತ್ತಿಸೋದು.

ಟ್ಯಾಂಕ್ ಅಂದ್ರೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್, ಒಂದೊಂದು ಸುಮಾರು 15 ಟನ್. ಅವು ಹತ್ತಬೇಕಾಗಿದ್ದ ದಾರಿಯೋ, ಹೇಸರಗತ್ತೆ ಓಡಾಡೋ ಕಾಲುದಾರಿ. ಜಮ್ಮುವಿನಿಂದ ಶ್ರೀನಗರಕ್ಕೆ ತರೋವಾಗ ಗೋಪುರ ಬಿಚ್ಚಿ, ಮೇಲೆ ಟಾರ್ಪಾಲು ಹೊದಿಸಿದ್ರು. ಒಂದು, ಸೇತುವೆ ತಡೀಬೇಕು. ಇನ್ನೊಂದು, ಬಂದಿರೋದು ಟ್ಯಾಂಕ್ ಅಂತ ಯಾರಿಗೂ ಗೊತ್ತಾಗಬಾರದು. ಅತ್ತ ಬಾಲ್ತಾಲ್‌ನಿಂದ ಕಣಿವೆವರೆಗೆ ಬಂಡೆ ಒಡೆದು ಆ ಕಾಲುದಾರೀನ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಎಲ್ಲಿದೆ ಗೊತ್ತಾ? ನಮ್ಮ ಬೆಂಗಳೂರಿನ ಹಲಸೂರು ಕೆರೆ ದಂಡೇಲಿ.

ಹವಾಮಾನ ಕೆಟ್ಟು ದಾಳಿ ಮುಂದಕ್ಕೆ ಹೋಯ್ತು. ಅವರು ಕಾದ್ರು. 1948ರ ನವೆಂಬರ್ 1ರಂದು, ಹಿಮ ಬಿದ್ದ ನೆಲದ ಮೇಲೆ, ಟ್ಯಾಂಕ್‌ಗಳು ಜೋಜಿಲಾ ದಾಟಿದವು. ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲೇ ಇದ್ರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರ್ತದೆ ಅಂತ ಎದುರಾಳಿಗಳು ಕನಸಲ್ಲೂ ಎಣಿಸಿರಲಿಲ್ಲ. ನವೆಂಬರ್ ಮುಗಿಯೋದ್ರೊಳಗೆ ಕಾರ್ಗಿಲ್ ವಾಪಸ್ ಬಂತು, ಲೇಹ್ ದಾರಿ ತೆರೀತು.

ಈ ಕಥೇಲಿ ನಾವು ಸಾಮಾನ್ಯವಾಗಿ ಟ್ಯಾಂಕಿಗೆ ಚಪ್ಪಾಳೆ ಹೊಡೀತೀವಿ. ಟ್ಯಾಂಕಿನ ಪಟ್ಟಿ ಭಾರಾನ ಅಗಲಕ್ಕೆ ಹಂಚ್ತದೆ, ನಿಜ. ಆದ್ರೆ ಗುದ್ದಲಿ ಹಿಡಿದು ಮುಂಚೆ ಹೋದವರಿಲ್ಲದಿದ್ರೆ, ಬೇಡದ ದಿನ ನಿಲ್ಲೋ ತಾಳ್ಮೆ ಇಲ್ಲದಿದ್ರೆ, ಆ 15 ಟನ್ ಕಬ್ಬಿಣ ಬಾಲ್ತಾಲ್‌ನಲ್ಲೇ ಕೂತಿರ್ತಿತ್ತು.

ಇದಾಗಿ ಹತ್ತು ವರ್ಷಕ್ಕೆ ದಕ್ಷಿಣ ಧ್ರುವದಲ್ಲಿ ನಮ್ಮ ರೈತರು ಖುಷಿಪಡೋ ಘಟನೆ ನಡೀತು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ಧ್ರುವ ಮುಟ್ಟಿದ್ದು ಫರ್ಗುಸನ್ ಟ್ರ್ಯಾಕ್ಟರ್‌ನಲ್ಲಿ. ಹೊಲ ಉಳೋ ಅದೇ ಟ್ರ್ಯಾಕ್ಟರ್, ಚಕ್ರದ ಸುತ್ತ ಪಟ್ಟಿ ಹಾಕಿದ್ರು ಅಷ್ಟೇ. ಹಿಮದ ಕೆಳಗೆ ಕಾಣದ ಬಿರುಕುಗಳಿರ್ತವೆ ಅಂತ ಟ್ರ್ಯಾಕ್ಟರ್‌ಗಳನ್ನ ಒಂದಕ್ಕೊಂದು ಹಗ್ಗದಲ್ಲಿ ಕಟ್ಟಿದ್ರು. ಒಂದು ಕುಸಿದ್ರೆ ಇನ್ನೊಂದು ಹಿಡ್ಕೊಳ್ಳಲಿ ಅಂತ. ಸಣ್ಣ ಎಂಜಿನ್, ದೊಡ್ಡ ಎಚ್ಚರಿಕೆ.

ಎಚ್ಚರಿಕೆ ತಪ್ಪಿದ್ರೆ? 2022ರ ಜನವರೀಲಿ ಪಾಕಿಸ್ತಾನದ ಮರ್ರೀ ಗಿರಿಧಾಮಕ್ಕೆ ಹಿಮ ನೋಡೋಕೆ ಹೋದ ಸಾವಿರಾರು ಕಾರುಗಳು ರಾತ್ರಿ ರಸ್ತೇಲೇ ಸಿಕ್ಕಿಹಾಕ್ಕೊಂಡವು. ಕನಿಷ್ಠ 22 ಜನ ತೀರಿಕೊಂಡ್ರು, ಮಕ್ಕಳೂ ಇದ್ರು. ಕೆಲವರನ್ನ ಕೊಂದಿದ್ದು ಚಳಿಯಲ್ಲ, ಹೊಗೆ. ಇದು ಹೇಗಂದ್ರೆ, ಬೆಚ್ಚಗಿರಲಿ ಅಂತ ಎಂಜಿನ್ ಆನ್ ಇಟ್ಟು ಹೀಟರ್ ಹಾಕ್ಕೊಂಡು ಮಲಗ್ತಾರೆ. ಹಿಂದೆ ಸೈಲೆನ್ಸರ್ ಕೊಳವೆ ಹಿಮದಲ್ಲಿ ಮುಚ್ಚಿಹೋಗ್ತದೆ. ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರಿಗೆ ಎಚ್ಚರವೇ ಆಗಲ್ಲ.

ಹಾಗಾಗಿ ಹೊರಡೋರಿಗೆ ನಾಲ್ಕು ಮಾತು. ಫೋರ್ ವೀಲ್ ಡ್ರೈವ್ ಗಾಡೀನ ಹೊರಡಿಸ್ತದೆ, ನಿಲ್ಲಿಸಲ್ಲ. ಬ್ರೇಕ್ ವಿಷಯಕ್ಕೆ ನಿಮ್ಮ ಗಾಡೀನೂ ಪಕ್ಕದ ಆಲ್ಟೋನೂ ಒಂದೇ. ಇಳಿಜಾರಲ್ಲಿ ಕಡಿಮೆ ಗೇರ್‌ನಲ್ಲಿ ನಿಧಾನ ಇಳೀರಿ, ಬ್ರೇಕ್ ಒಮ್ಮೆಲೇ ಒತ್ತಬೇಡಿ. ಟೈರಿಗೆ ಸರಪಳಿ ಹಾಕೋದನ್ನ ಮನೆ ಮುಂದೆ ಕಲಿತು ಹೋಗಿ. ಹಿಮದಲ್ಲಿ ಬೆರಳು ಮರಗಟ್ಟಿದಾಗ ಅದು ಆಗೋ ಕೆಲಸ ಅಲ್ಲ. ಪಂಕ್ಚರ್ ಅಂಗಡೀಲಿ "30 ಹಾಕಣ್ಣ" ಅಂತೀವಲ್ಲ, ಮೆತ್ತನೆ ಆಳದ ಹಿಮದಲ್ಲಿ ಸಿಕ್ಕಿಬಿದ್ರೆ ಆ ಗಾಳೀನ 20ಕ್ಕೋ 15ಕ್ಕೋ ಇಳಿಸಿದ್ರೆ ಟೈರು ಅಗಲವಾಗಿ ಕೂರ್ತದೆ. ಗಟ್ಟಿ ರಸ್ತೆ ಸಿಕ್ಕ ತಕ್ಷಣ ಮತ್ತೆ ತುಂಬಿಸಬೇಕು. ಹೂತ್ಕೊಂಡ್ರೆ ರೇಸ್ ಮಾಡಬೇಡಿ, ಇಳಿದು ಸಲಿಕೆ ಹಿಡೀರಿ. ಎಂಜಿನ್ ಆನ್ ಮಾಡೋ ಮುಂಚೆ ಪ್ರತಿ ಸಲ ಸೈಲೆನ್ಸರ್ ಸುತ್ತ ಹಿಮ ತೆಗೀರಿ, ಆಮೇಲೆ ಸ್ವಲ್ಪ ಹೊತ್ತು ಓಡಿಸಿ ಆಫ್ ಮಾಡಿ, ಒಂದು ಕಿಟಕಿ ಬೆರಳಷ್ಟಾದ್ರೂ ತೆರೆದಿರಲಿ.

ಎಲ್ಲಕ್ಕಿಂತ ಮುಖ್ಯ, ಪೊಲೀಸರು ಬ್ಯಾರಿಕೇಡ್ ಹಾಕಿ ಇವತ್ತು ದಾರಿ ಬಂದ್ ಅಂದ್ರೆ ಜಗಳ ಆಡಬೇಡಿ. ಸಾವಿರದೈನೂರು ಮೈಲಿ ಬಂದಿದ್ದೀವಿ ಅನ್ನೋ ಲೆಕ್ಕ ಹಿಮಕ್ಕೆ ಗೊತ್ತಿಲ್ಲ. ಲೇಹ್ ಕೈತಪ್ಪೋ ಆತುರ ಇದ್ದಾಗಲೂ ತಿಮ್ಮಯ್ಯನವರ ಪಡೆ ಹವಾಮಾನಕ್ಕೆ ಕಾದಿತ್ತು. ನಾವು ಹೋಗ್ತಿರೋದು ಫೋಟೋಗೆ. ಒಂದು ದಿನ ರೂಮಲ್ಲಿ ಕೂತು ಚಹಾ ಕುಡಿದ್ರೆ ಗಂಟೇನೂ ಹೋಗಲ್ಲ.

ಮುಂದಿನ ಸಂಚಿಕೇಲಿ ಸಿಗೋಣ. ಹುಷಾರು.